ಅಂಬುಜಾಕ್ಷಿಯ ಮನೆ ಸದನಕ್ಕೆ ಬಂದದ್ದು

ನಮ್ಮೂರಿಗೆ ನಕ್ಷೆಯಿಲ್ಲ. ಹಿಂದೊಮ್ಮೆ ಸರ್ಕಾರದವರು ಸರಪಳಿ ಹಿಡಿದು ಅಳೆಯಲು ಬಂದಿದ್ದರಂತೆ. ಬೆಳಿಗ್ಗೆ ಅಳೆದ ಬೀದಿಗೆ ಊಟ ಮುಗಿಸಿ ಬಂದು ನೋಡಿದರೆ ಅರ್ಧ ಮನೆಗಳು ಎತ್ತಲೋ ಹೋಗಿದ್ದವು. ಬರೆದದ್ದನ್ನೆಲ್ಲ ಹರಿದುಹಾಕಿ, ಎಲೆಯಡಿಕೆ ಹಾಕಿಕೊಂಡು, ನಮಗೊಂದು ನಮಸ್ಕಾರ ಹೇಳಿ ಹೊರಟುಹೋದರು. ಅಂದಿನಿಂದ ಆ ಗೋಜಿಗೆ ಯಾರೂ ಬಂದಿಲ್ಲ. ಹೊರಗಿನವರು ಯಾರದಾದರೂ ಮನೆ ಎಲ್ಲಿ ಎಂದು ಕೇಳಿದರೆ ನಾವು "ನಿನ್ನೆ ಸಂಜೆ ಇಲ್ಲೇ ಇತ್ತು, ನೋಡಿ" ಎನ್ನುತ್ತೇವೆ.

ಮನೆಗಳು ನಡೆಯುತ್ತವೆ, ಅಷ್ಟೇ. ಹಾಗಂತ ಮನಸ್ಸು ಬಂದ ಕಡೆಗಲ್ಲ. ಹೊರಗೆ ಹೋದವರು ಯಾರಾದರೂ ಕರುಳು ಹಿಂಡುವಂತೆ ಮನೆಯನ್ನು ನೆನಪು ಮಾಡಿಕೊಂಡರೆ ಅದು ಎದ್ದು ಅವರ ಕಡೆಗೆ ಹೊರಡುತ್ತದೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಹೊಸದರಲ್ಲಿ ಒಂದನೇ ತರಗತಿಯ ಕಿಟಕಿಗಳ ಹೊರಗೆ ಮನೆಗಳು ಒತ್ತೊತ್ತಾಗಿ ನಿಂತು ಒಳಗೆ ಬೆಳಕೇ ಬೀಳುವುದಿಲ್ಲ. ಮೇಷ್ಟ್ರುಗಳು ಹಗಲಲ್ಲೇ ದೀಪ ಹಾಕಿಕೊಂಡು ಪಾಠ ಮಾಡುತ್ತಾರೆ. ದೊಡ್ಡಾಸ್ಪತ್ರೆಯ ಸುತ್ತ ಯಾವಾಗ ನೋಡಿದರೂ ಒಂದು ಬಡಾವಣೆಯೇ ಇರುತ್ತದೆ. ಜೈಲಿನ ಗೋಡೆಗೆ ಒರಗಿ ನಿಂತ ಮನೆಗಳನ್ನು ಪೊಲೀಸರೂ ಗದರಿಸುವುದಿಲ್ಲ. ಇನ್ನು ಮದುವೆಯಾದ ಹುಡುಗಿಯ ತವರುಮನೆ ಅವಳ ಹಿಂದೆಯೇ ಹೊರಟು, ಬೀದಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು, ದಿಬ್ಬಣದವರೆಲ್ಲ ತಲೆ ಮೇಲೆ ಕೈ ಹೊತ್ತು ಕೂರುವುದು ಯಾವ ಮದುವೆಯಲ್ಲೂ ತಪ್ಪಿದ್ದಲ್ಲ.

ಹೀಗೆ ಬಂದ ಮನೆ ನಿಲ್ಲಬೇಕಾದರೆ ಹೊಸ್ತಿಲು ತಂಪು ಮಾಡಬೇಕು. ಯಾರ ನೆನಪಿಗೆ ಅದು ಬಂದಿದೆಯೋ ಅವರು ತಮ್ಮ ಕೈಯಾರೆ ಹೊಸ್ತಿಲಿಗೆ ನೀರು ಸುರಿದು, ನಾಲ್ಕು ಜನರಿಗೆ ಕೇಳುವಂತೆ, "ನನಗೆ ನೆನಪಾಯಿತು, ನೀನು ಬಂದೆ" ಎನ್ನಬೇಕು. ಅಷ್ಟು ಹೇಳಿದರೆ ಮನೆ ಇದ್ದಲ್ಲೇ ಕೂರುತ್ತದೆ. ಹೇಳದೆ ಬಿಗುಮಾನದಿಂದ ಮುಖ ತಿರುಗಿಸಿದರೆ ಹತ್ತಿರ ಹತ್ತಿರ ಬರುತ್ತಲೇ ಇರುತ್ತದೆ.

ಇಂಥ ಊರಿನಲ್ಲಿ ಒಂದು ಗೇಣೂ ಕದಲದ ಮನೆಯೆಂದರೆ ನಮ್ಮದು. ಅದರ ಪೂರ್ತಿ ಕೀರ್ತಿಯನ್ನು ನಮ್ಮ ಅತ್ತಿಗೆ ಅಂಬುಜಾಕ್ಷಿ ತಾನೇ ಇಟ್ಟುಕೊಂಡಿದ್ದಳು. ನಾನು ಅವಳ ನಾದಿನಿ, ಮಂದಾಕಿನಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ಮದುವೆಯ ಉಸಾಬರಿಗೆ ಹೋಗದೆ ಅಣ್ಣನ ಮನೆಯಲ್ಲೇ ಇದ್ದೇನೆ. ಅತ್ತಿಗೆ ವಕೀಲೆ. ಹಣೆ ತುಂಬ ಕುಂಕುಮ, ಕಪ್ಪು ಕೋಟಿನ ಮೇಲೆ ಎದ್ದು ಕಾಣುವ ತಾಳಿ, ಬೆಳಿಗ್ಗೆ ದೇವರ ದೀಪ ಹಚ್ಚದೆ ಕಾಫಿಯ ಮುಖ ನೋಡದ ಹೆಂಗಸು. ಅವಳು ವಾದಕ್ಕೆ ನಿಂತರೆ ನ್ಯಾಯಾಧೀಶರು ಆಕಳಿಸಲೂ ಹೆದರುತ್ತಿದ್ದರು. ಮನೆಯಲ್ಲಿ ಸಂಜೆ ತಲೆ ಬಾಚುವಂತಿಲ್ಲ, ಊಟಕ್ಕೆ ಕೂತಾಗ ಹಾಡುವಂತಿಲ್ಲ, ಶಿಳ್ಳೆಯಂತೂ ಕೇಳಲೇಬೇಡಿ. ನಾನು ಬಣ್ಣದ ಕೈಯಲ್ಲಿ ಉಪ್ಪಿನ ಡಬ್ಬಿ ಮುಟ್ಟಿದರೆ ಅವಳಿಗೆ ಪಕ್ಕದ ಕೋಣೆಯಲ್ಲೇ ಗೊತ್ತಾಗುತ್ತಿತ್ತು.

ಅವಳು ಕೋರ್ಟಿನಲ್ಲಿ ಹೆಸರು ಮಾಡಿದ್ದೇ ಒಂದು ತವರುಮನೆಯ ಕೇಸಿನಲ್ಲಿ. ಹೊಸ ಸೊಸೆಯ ತವರುಮನೆ ಅವಳನ್ನು ಹುಡುಕಿಕೊಂಡು ಬಂದು ಅತ್ತೆಮನೆಯ ಬಾವಿಕಟ್ಟೆಗೆ ಅಡ್ಡ ನಿಂತಿತ್ತು. ಸೊಸೆಗೆ ಕೆಟ್ಟ ಹೆಸರು ಬರದಿರಲೆಂದು ಅತ್ತೆಯೇ ಹೊಸ್ತಿಲಿಗೆ ನೀರು ಹುಯ್ದು "ನನಗೆ ನೆನಪಾಯಿತು" ಎಂದು ಸುಳ್ಳು ಹೇಳಿದಳು. ಮನೆ ನಿಲ್ಲಲಿಲ್ಲ, ಬಾವಿಯೊಳಗೆ ಬಿತ್ತು. ನಮ್ಮ ಅತ್ತಿಗೆ ವಾದಿಸಿ ಗೆದ್ದಳು: ಮನೆ ಯಾರದೋ ನೆನಪಿಗೆ ಬರುತ್ತದೆ, ಅವರದೇ ನೀರಿಗೆ ನಿಲ್ಲುತ್ತದೆ, ಬೇರೆಯವರ ನೀರು ಸುಳ್ಳುಸಾಕ್ಷಿಗೆ ಸಮ. ಈ ತೀರ್ಪು ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. ಆದರೆ ಆ ಹುಡುಗಿಯ ಸಂಸಾರ ನಿಲ್ಲಲಿಲ್ಲ. ಅತ್ತಿಗೆಗೆ ಅದು ಮನಸ್ಸಿಗೆ ನಾಟಿಬಿಟ್ಟಿತು. ಮನೆಗಳು ಹೀಗೆ ಅಲೆಯುವುದರಿಂದಲೇ ಮನೆತನಗಳು ಹಾಳಾಗುತ್ತಿವೆ ಎಂದು ತೀರ್ಮಾನಿಸಿದಳು.

ಅಲ್ಲಿಂದ ಭಾಷಣ ಶುರುವಾಯಿತು. ಹೆಂಗಸು ಮನೆಯಲ್ಲಿರಬೇಕು, ಮನೆ ಇದ್ದಲ್ಲಿರಬೇಕು ಎಂದು ಹೇಳಲು ಅವಳು ವಾರವೆಲ್ಲ ಮನೆಯ ಹೊರಗಿರುತ್ತಿದ್ದಳು. ಆದರೂ ಊಟದ ಹೊತ್ತಿಗೆ ಸರಿಯಾಗಿ ಬಂದುಬಿಡುತ್ತಿದ್ದಳು. ಕೋರ್ಟಿರಲಿ ಸಭೆಯಿರಲಿ, ಎಲ್ಲವೂ ನಮ್ಮ ಮನೆಯಿಂದ ಕೂಗಳತೆ. ಬೆಳಿಗ್ಗೆ ಮಗಳು ಇಳಾಳ ಜಡೆ ಹೆಣೆಯದೆ ಹೊಸ್ತಿಲು ದಾಟಿದವಳಲ್ಲ. ಅಷ್ಟು ಹತ್ತಿರ ಇದ್ದವಳಿಗೆ ಮನೆ ನೆನಪಾಗುವುದಾದರೂ ಹೇಗೆ? ನಾನೊಮ್ಮೆ ಹಾಗೆಂದು ಕೆಣಕಿದೆ. "ನೀನು ಬಣ್ಣ ಕಲಸು ಹೋಗು, ಮಂದಾ. ಇದು ಸಂಸ್ಕಾರ ಕಣೆ" ಎಂದಳು. ಈ ಗಲಾಟೆಯ ನಡುವೆ ಅಡುಗೆ ಮಾಡುತ್ತ, ಹಜಾರದ ಮೂಲೆಯಲ್ಲಿ ಕೂತು ಊರವರ ಗಡಿಯಾರ ರಿಪೇರಿ ಮಾಡುತ್ತ ಮನೆಯಲ್ಲೇ ಇರುತ್ತಿದ್ದವನು ನಮ್ಮಣ್ಣ ಶ್ರೀಕಂಠ. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಆ ಇಬ್ಬರಿಗೂ ಯಾವತ್ತೂ ಅನ್ನಿಸಿದ್ದಿಲ್ಲ.

ಚುನಾವಣೆಗೆ ನಿಂತಳು, ಗೆದ್ದಳು. ಮುಖ್ಯಮಂತ್ರಿ ಮಾರ್ತಾಂಡಪ್ಪನವರು ಅವಳನ್ನು ಕರೆದು, "ಅಂಬುಜಾಕ್ಷಮ್ಮ, ಮನೆಗಳಿಗೆಲ್ಲ ಗೂಟ ಹೊಡೆಯೋ ಮಸೂದೆ ತನ್ನಿ. ಅದು ಪಾಸಾದ ದಿನ ನೀವೇ ಕಾನೂನು ಮಂತ್ರಿ" ಎಂದರು. ಅಂದು ಅವಳು ಮನೆಗೆ ಬಂದ ರೀತಿಯೇ ಬೇರೆ. ಚಿಕ್ಕಂದಿನಲ್ಲಿ ಅವಳ ಅಪ್ಪ, ನೀನು ಗಂಡಾಗಿದ್ದರೆ ಮಂತ್ರಿಯಾಗುತ್ತಿದ್ದೆ ಎನ್ನುತ್ತಿದ್ದರಂತೆ. ಆ ಮಾತನ್ನು ಅವಳು ಮರೆತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ನಾವು ಯಾರೂ ಕೇಳದೆಯೇ, "ಗೂಟದ ಕಾರು ಬರುತ್ತೆ ಕಣ್ರೀ" ಎಂದು ಅಣ್ಣನಿಗೆ ಹೇಳಿ, ನಾಚಿಕೊಂಡು ಒಳಗೆ ಹೋದಳು.

ಮೊದಲ ಗೂಟ ನಮ್ಮ ಮನೆಗೇ ಬಿತ್ತು. ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಗೂಟ, ದಪ್ಪ ಸರಪಳಿ, ಅರಿಶಿನ ಕುಂಕುಮ, ಫೋಟೋದವರು. ಕದಲದ ಮನೆಗೆ ಗೂಟವೇಕೆ ಎಂದು ನಾನು ಕೇಳಿದೆ. "ಮೇಲ್ಪಂಕ್ತಿ" ಎಂದಳು. ಅಣ್ಣ ಗೂಟದ ಮೇಲೆ ಟವೆಲ್ಲು ಒಣಹಾಕಿದ.

ಅಧಿವೇಶನ ಬಂತು. ನಮ್ಮ ರಾಜ್ಯದ ಸದನ ಊರಾಚೆಯ ದಿಬ್ಬದ ಮೇಲಿದೆ. ಅಧಿವೇಶನ ಮುಗಿಯುವ ತನಕ ಶಾಸಕರು ಅಲ್ಲೇ ವಸತಿಗೃಹದಲ್ಲಿ ಉಳಿಯಬೇಕು, ಮನೆಗೆ ಬರುವಂತಿಲ್ಲ. ರಾಜ್ಯಭಾರದ ಮಧ್ಯೆ ಮನೆಯ ಯೋಚನೆ ಮಾಡುವವನು ಮಂತ್ರಿಯಾಗಲು ನಾಲಾಯಕ್ಕು ಎಂಬುದು ಅಲ್ಲಿನ ಹಳೆಯ ಕಟ್ಟಲೆ. ಒಮ್ಮೆ ಒಬ್ಬ ಶಾಸಕರ ಮನೆ ದಿಬ್ಬದ ಅರ್ಧಕ್ಕೆ ಬಂದಿತ್ತಂತೆ. ಆತ ಆಮೇಲೆ ಎಷ್ಟು ಸಲ ಗೆದ್ದರೂ ಹಿಂದಿನ ಸಾಲಿನ ಬೆಂಚೇ ಗತಿಯಾಯಿತು. ಆತನೇ ಹೊನ್ನಪ್ಪ ಮೇಷ್ಟ್ರು, ಈಗ ವಿರೋಧ ಪಕ್ಷದ ಹಿರಿಯರು. ಯಾರನ್ನಾದರೂ ರೇಗಿಸದಿದ್ದರೆ ಅವರಿಗೆ ತಿಂದನ್ನ ಅರಗುವುದಿಲ್ಲ.

ಅತ್ತಿಗೆ ಟ್ರಂಕು ಹಿಡಿದು ಹೊರಟಾಗ ಇಳಾ ಅಳಲಿಲ್ಲ. ಅವಳಿಗೆ ಒಂಬತ್ತು ವರ್ಷ, ಅಮ್ಮನದೇ ಹಟ. "ಅಮ್ಮಾ, ಜಡೆ?" ಎಂದು ಮಾತ್ರ ಕೇಳಿದಳು. "ಅತ್ತೆ ಹಾಕ್ತಾಳೆ" ಎಂದು ಅತ್ತಿಗೆ ನನ್ನನ್ನು ತೋರಿಸಿದಳು. ಮರುದಿನದಿಂದ ಹಾಕಿದೆ. ಕುಂಚ ಹಿಡಿಯುವ ಕೈಗೆ ಜಡೆ ಬಗ್ಗಲಿಲ್ಲ. ಒಂದು ದಿನ ಎಡಕ್ಕೆ ವಾಲಿತು, ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಅದರಲ್ಲಿ ಪೆನ್ಸಿಲ್ ಸಿಕ್ಕಿಸಿಟ್ಟಳು. "ಪರವಾಗಿಲ್ಲ ಅತ್ತೆ, ಅಮ್ಮ ಬರೋ ತನಕ ತಾನೆ" ಎಂದು ಮಗುವೇ ನನಗೆ ಸಮಾಧಾನ ಹೇಳುತ್ತಿತ್ತು.

ಮಸೂದೆಯ ದಿನ ಸದನದಲ್ಲಿ ನಡೆದದ್ದನ್ನು ಆಮೇಲೆ ಹೊನ್ನಪ್ಪ ಮೇಷ್ಟ್ರು ಅಭಿನಯ ಸಮೇತ ನಮಗೆ ಹೇಳಿದರು. ಅತ್ತಿಗೆ ಆ ಬೆಳಿಗ್ಗೆ ಮಿಂಚುತ್ತಿದ್ದಳಂತೆ. ಒಂದು ಚೀಟಿಯನ್ನೂ ನೋಡದೆ ಮಾತು. "ಮಾನ್ಯ ಸಭಾಧ್ಯಕ್ಷರೇ, ಅತ್ತವರ ಹಿಂದೆಲ್ಲ ಓಡುವುದು ಮನೆಯಲ್ಲ. ಮನಸ್ಸು ಗಟ್ಟಿಯಿದ್ದವರ ಮನೆ ಕದಲುವುದಿಲ್ಲ. ನನ್ನ ಮನೆ ಕದಲಿದ್ದನ್ನು ಈ ಸದನದಲ್ಲಿ ಯಾರಾದರೂ ಕಂಡಿದ್ದೀರಾ?" ಎಂದಳಂತೆ. ಆಡಳಿತ ಪಕ್ಷದವರು ಮೇಜು ಕುಟ್ಟಿದರು. ಮಾರ್ತಾಂಡಪ್ಪನವರು ಮೀಸೆಯಲ್ಲೇ ನಕ್ಕರು. ಆಗ ಹೊನ್ನಪ್ಪ ಮೇಷ್ಟ್ರು ಎದ್ದು ನಿಂತು, "ಕ್ರಿಯಾಲೋಪ, ಸ್ವಾಮಿ! ಮಾನ್ಯ ಸದಸ್ಯೆಯವರು ಮಾತಾಡ್ತಾ ಮಾತಾಡ್ತಾ ಯಾರಿಗೆ ಜಡೆ ಹಾಕ್ತಿದ್ದಾರೆ ಅಂತ ಸದನಕ್ಕೆ ತಿಳಿಸಬೇಕು" ಎಂದರು.

ಅತ್ತಿಗೆ ಬಗ್ಗಿ ನೋಡಿಕೊಂಡಳು. ಸೆರಗಿನ ಕುಚ್ಚನ್ನೆಲ್ಲ ಸೇರಿಸಿ ಅವಳ ಬೆರಳುಗಳು ಒಂದು ಉದ್ದನೆಯ ಜಡೆ ಹೆಣೆದಿದ್ದವು. ಬಿಗಿಯಾಗಿ, ಒಂದೆಳೆಯೂ ಹೊರಗೆ ಬಾರದ ಹಾಗೆ. ತುದಿಗೆ ರಿಬ್ಬನ್ನು ಕಟ್ಟುವುದೊಂದು ಬಾಕಿ. ಬಂದ ದಿನದಿಂದ ಅವಳು ಕಟ್ಟಿಹಾಕಿಕೊಂಡಿದ್ದದ್ದೆಲ್ಲ ಆ ಕ್ಷಣ ಬಿಚ್ಚಿಕೊಂಡಿತು. ಕೊಬ್ಬರಿ ಎಣ್ಣೆಯ ವಾಸನೆ, "ಅಮ್ಮಾ ನೋಯುತ್ತೆ" ಎಂಬ ರಾಗ, ಒಲೆಯ ಮುಂದೆ ಗಂಡನ ಬೆನ್ನು, ನನ್ನ ಬಣ್ಣದ ಕೈ ಕೂಡ. ಇದನ್ನು ಅವಳೇ ಆಮೇಲೆ ಹೇಳಿದ್ದು. ಅವಳು ತಕ್ಷಣ ಕೈ ಹಿಂದಕ್ಕೆ ಕಟ್ಟಿಕೊಂಡು, "ಮುಂದಿನ ಕಲಮು" ಎಂದಳು. ಆದರೆ ಕೆಲಸ ಕೆಟ್ಟಾಗಿತ್ತು.

ಅದೇ ಹೊತ್ತಿಗೆ ನಾನು ಹಜಾರದಲ್ಲಿ ಇಳಾಳ ಜಡೆಯ ಜೊತೆ ಗುದ್ದಾಡುತ್ತಿದ್ದೆ. ಒಳಗಿನಿಂದ ಅಣ್ಣ ಕೂಗಿದ: "ಮಂದಾ, ದೋಸೆ ತಾನಾಗೇ ಕಾವಲಿ ಬಿಟ್ಟು ಜಾರ್ತಿದೆ ಕಣೆ!"

"ಕಾವಲಿ ಓರೆ ಇಟ್ಟಿರ್ತೀಯ."

"ಕಾವಲಿ ಅಲ್ವೇ. ಮನೆ!"

ಹಲ್ಲು ಕಿತ್ತಂಥ ಸದ್ದಿನೊಂದಿಗೆ ಮೂಡಣ ಮೂಲೆಯ ಗೂಟ ಎದ್ದು ಬಂತು. ಹಿಂದೆಯೇ ಉಳಿದ ಮೂರು. ನಮ್ಮ ಕದಲದ ಮನೆ ಒಮ್ಮೆ ಮೈ ಮುರಿದು, ಕಾಂಪೌಂಡು ದಾಟಿ, ಬೀದಿಗಿಳಿಯಿತು. ಎಲ್ಲಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮನೆಯಿಂದ ಹೊರಗಿದ್ದದ್ದು ಒಬ್ಬಳೇ.

"ಅಯ್ಯೋ, ಅತ್ತಿಗೆ ಮಂತ್ರಿ ಪದವಿ!" ಎಂದೆ ನಾನು.

ಅಣ್ಣ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ಅವನ ಮುಖ ನೋಡಬೇಕಿತ್ತು. "ಅವಳು ನಮ್ಮನ್ನ ನೆನೆಸಿಕೊಂಡಳೇ ಮಂದಾ!" ಎಂದ. ಹದಿನಾರು ವರ್ಷ ಸಂಸಾರ ಮಾಡಿದ ಗಂಡಸು, ಹೊಸ ಮದುವಣಿಗನ ಹಾಗೆ ಕೆಂಪಗಾಗಿ, ಇಸ್ತ್ರಿ ಪಂಚೆ ಎಲ್ಲಿದೆ ಎಂದು ಹುಡುಕಲು ಒಳಗೆ ಓಡಿದ.

ಅವತ್ತಿನ ಸವಾರಿಯನ್ನು ನೆನೆದರೆ ಈಗಲೂ ನನಗೆ ಪಕ್ಕೆ ಹಿಡಿದುಕೊಳ್ಳುವಷ್ಟು ನಗು. ಮುಂದೆ ಮನೆ, ಹಿಂದೆ ಗೂಟಗಳನ್ನು ಎಳೆದುಕೊಂಡು ಖಣಖಣ ಬರುವ ಸರಪಳಿ. ಸೌತೆಕಾಯಿ ಗಾಡಿಯವನು ಸರಪಳಿ ಹಾರಿದ, ಮರಿ ನಾಯಿ ಹಾರಿತು, ಮುನಿಸಿಪಾಲಿಟಿಯ ಗುಮಾಸ್ತರು ಹಾರಲು ಹೋಗಿ ಕೂತರು. ಕ್ಷೌರದಂಗಡಿಯಿಂದ ಅರ್ಧ ಗಡ್ಡ ಹೆರೆಸಿಕೊಂಡವನೊಬ್ಬ ಕುತ್ತಿಗೆಯ ಬಟ್ಟೆಯ ಸಮೇತ ಓಡಿ ಬಂದು, "ಅಂಬುಜಾಕ್ಷಮ್ನೋರ ಮನೆ ಕಣ್ರೋ! ಗೂಟದಮ್ಮನ ಮನೆ!" ಎಂದು ಊರಿಗೆಲ್ಲ ಸಾರಿದ. ಬಸ್ಸು ನಿಂತಿತು. ಬಸ್ಸಿನೊಳಗಿದ್ದವರು ಕಿಟಕಿಯಿಂದ ಕೈ ಬೀಸಿದರು. ನಾನು ಕೈಗೆ ಸಿಕ್ಕಿದ ಒದ್ದೆ ಟವೆಲ್ಲನ್ನು ಬಾಗಿಲ ಪಕ್ಕದ ಹಿತ್ತಾಳೆ ಫಲಕದ ಮೇಲೆ ಎಸೆದೆ. 'ಶ್ರೀಮತಿ ಅಂಬುಜಾಕ್ಷಿ ಶ್ರೀಕಂಠ, ವಕೀಲರು ಮತ್ತು ಶಾಸಕರು' ಎಂದು ಅದು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಇಳಾ ಟವೆಲ್ಲು ಕಿತ್ತುಹಾಕಿದಳು.

"ಅಮ್ಮನ ಹೆಸರು ಕಾಣಬೇಕು ಅತ್ತೆ. ಇಲ್ಲಾಂದ್ರೆ ದಾರಿ ಬಿಡಲ್ಲ." ದೇವರ ಮನೆಯ ಗಂಟೆ ತಂದು ಜಗುಲಿಯ ಕಂಬ ಹಿಡಿದು ಬಾರಿಸತೊಡಗಿದಳು. ನಿಜ ಹೇಳುತ್ತೇನೆ, ನನಗೂ ತಡೆಯಲಿಲ್ಲ. ಕಿಟಕಿಯಲ್ಲಿ ಕೂತು ಶಿಳ್ಳೆ ಹಾಕಿದೆ. ಆ ಮನೆಯ ಗೋಡೆಗಳು ಶಿಳ್ಳೆ ಕೇಳಿದ್ದು ಅದೇ ಮೊದಲು.

ದಿಬ್ಬ ಹತ್ತುವಾಗ ನಗು ಇಳಿಯಿತು. ಸದನದ ಮುಂದೆ ಕಲ್ಲಿನ ಕಡಿದಾದ ಮೆಟ್ಟಿಲುಗಳಿವೆ. ಮನೆ ಅವುಗಳ ಮೇಲೆ ಕಾಲಿಟ್ಟು ಹಿಂದಕ್ಕೆ ವಾಲಿತು. ಪಾತ್ರೆಗಳು ಉರುಳಿದವು. ಅಣ್ಣನ ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆಯತೊಡಗಿದವು. ಸೂರಿನ ಹೆಂಚುಗಳು ಒಂದೊಂದಾಗಿ ಜಾರಿ ಕೆಳಗೆ ಚೂರಾದವು. ಸದನ ಖಾಲಿಯಾಗಿ ಶಾಸಕರೆಲ್ಲ ಮೇಲಿನ ಮೆಟ್ಟಿಲಿಗೆ ಬಂದು ನಿಂತಿದ್ದರು. ಅವರ ನಡುವೆ ನಮ್ಮ ಅತ್ತಿಗೆ, ಬಣ್ಣ ಇಳಿದ ಮುಖ, ಕೈಯಲ್ಲಿ ಆ ಕುಚ್ಚಿನ ಜಡೆ.

ಮಾರ್ತಾಂಡಪ್ಪನವರು ಅವಳ ಕಿವಿಯ ಹತ್ತಿರ ಬಾಗಿ, ಆದರೆ ಎಲ್ಲರಿಗೂ ಕೇಳುವಂತೆ, "ನೀವು ಮಾತಾಡಬೇಡಿ ಅಂಬುಜಾಕ್ಷಮ್ಮ. ಮಸೂದೆ ಓಟಿಗೆ ಇನ್ನು ಹತ್ತು ನಿಮಿಷ. ನಮ್ಮ ಕಾರ್ಯದರ್ಶಿ ನಿಮ್ಮನೇಲಿ ಊಟ ಮಾಡಿದಾನೆ. ಅವನಿಗೇ ನೆನಪಾಯ್ತು ಅಂತ ಆಗಲಿ" ಎಂದರು. ಕಾರ್ಯದರ್ಶಿ ಪಾಪ, ಬಕೆಟ್ಟು ನೀರು ತಂದು ಹೊಸ್ತಿಲಿಗೆ ಹುಯ್ದು, "ನನಗೆ ನೆನಪಾಯಿತು, ನೀನು ಬಂದೆ. ಸಾರು ಚೆನ್ನಾಗಿತ್ತು" ಎಂದ. ಮನೆ ಅವನನ್ನು ಪಕ್ಕಕ್ಕೆ ತಳ್ಳಿ ಇನ್ನೊಂದು ಮೆಟ್ಟಿಲು ಹತ್ತಿತು. ಹಜಾರದ ಗೋಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತು. ಜಗುಲಿ ಓರೆಯಾಗಿ, ಕಂಬ ಹಿಡಿದಿದ್ದ ಇಳಾಳ ಕಾಲು ಜಾರಿ ಗಾಳಿಯಲ್ಲಿ ನೇತಾಡಿತು. ಗಂಟೆ ಕೈಬಿಟ್ಟು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿಕೊಂಡು ಹೋಯಿತು. ನಾನು ಚೀರಿದೆ.

ಅತ್ತಿಗೆ ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲಲ್ಲಿ ಸಭಾಧ್ಯಕ್ಷರ ಕುಡಿಯುವ ನೀರಿನ ಹೂಜಿಯಿತ್ತು, ಅದನ್ನು ಎತ್ತಿಕೊಂಡಳು. "ಯೋಚನೆ ಮಾಡಿ, ಕಾರು ಹೋಗುತ್ತೆ" ಎಂದರು ಮಾರ್ತಾಂಡಪ್ಪನವರು. "ಈ ಕೇಸು ಗೆದ್ದವಳು ನಾನೇ ಸರ್. ಬೇರೆಯವರ ನೀರು ನಿಲ್ಲಲ್ಲ" ಎಂದು ಹೇಳಿ ಮೆಟ್ಟಿಲಿಳಿದಳು. ಇಳಿಯುವಾಗ ಒಮ್ಮೆ ತಿರುಗಿ ಸದನದ ಬಾಗಿಲನ್ನು ನೋಡಿದ್ದನ್ನು ನಾನು ಕಿಟಕಿಯಿಂದ ಕಂಡೆ. ಮಂತ್ರಿಯಾಗುತ್ತಿದ್ದೆ ಎಂಬ ಅಪ್ಪನ ಮಾತನ್ನು ಅಲ್ಲೇ ಇಳಿಸಿಟ್ಟು ಬಂದಳು ಅನ್ನಿಸಿತು. ನನಗೆ ಅವಳ ಬಗ್ಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಹೊಸ್ತಿಲ ಮುಂದೆ ನಿಂತು, ಹೂಜಿ ಬಗ್ಗಿಸಿ, ಕೋರ್ಟಿನ ಕೊನೆಯ ಬೆಂಚಿಗೂ ಕೇಳುವ ತನ್ನ ಆ ದನಿಯಲ್ಲಿ ಹೇಳಿದಳು: "ನನಗೆ ನೆನಪಾಯಿತು. ನೀನು ಬಂದೆ." ಕೊನೆಯ ಮಾತಿಗೆ ದನಿ ಒಡೆಯಿತು.

ಮನೆ ಒಂದು ಉಸಿರು ಬಿಟ್ಟು, ಹಿಂಬದಿಯನ್ನು ಸರಿಮಾಡಿಕೊಂಡು, ಮೆಟ್ಟಿಲುಗಳ ಮೇಲೆ ನೆಟ್ಟಗೆ ಕೂತಿತು. ಗಡಿಯಾರಗಳು ಸುಮ್ಮನಾದವು. ಇಳಾ ಜಗುಲಿಯಿಂದ ಜಿಗಿದು ಅಮ್ಮನ ಸೊಂಟ ಹಿಡಿದಳು. ಇಸ್ತ್ರಿ ಪಂಚೆ ಉಟ್ಟ ಅಣ್ಣ ಬಾಗಿಲಲ್ಲಿ ಕಾಣಿಸಿಕೊಂಡು, "ದೋಸೆ ಇದೆ" ಎಂದ. ಆಗ ಅತ್ತಿಗೆಯ ಕಣ್ಣು ಮಗಳ ತಲೆಯ ಮೇಲೆ ಬಿತ್ತು.

"ಮಂದಾ! ಇದೇನೇ ಇದು, ಜಡೆಯೋ ಸೆಣಬಿನ ಹಗ್ಗವೋ?" ಎಂದಳು. ಅಲ್ಲೇ ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಗಳನ್ನು ಮುಂದೆ ಕೂರಿಸಿಕೊಂಡು, ಇಡೀ ಸದನದ ಎದುರಿಗೆ ಜಡೆ ಬಿಚ್ಚತೊಡಗಿದಳು.

ಹೊನ್ನಪ್ಪ ಮೇಷ್ಟ್ರು ಸುಮ್ಮನಿರುವ ಆಸಾಮಿಯೇ? "ಏನ್ ತಾಯಿ, ಹೆಂಗಸು ಮನೇಲಿರಬೇಕು ಅಂತಿದ್ರಲ್ಲ!" ಎಂದು ಮೇಲಿನಿಂದ ಕೂಗಿದರು.

ಅತ್ತಿಗೆ ಹಲ್ಲಲ್ಲಿ ಕಚ್ಚಿದ್ದ ರಿಬ್ಬನ್ನು ತೆಗೆದು, "ಇದ್ದೀನಲ್ಲ ಮೇಷ್ಟ್ರೇ!" ಎಂದಳು. "ಇದು ನನ್ನ ಮನೆ, ಇದು ನನ್ನ ಮಗಳು, ಅದು ನನ್ನ ಸದನ. ನಾನು ಕೊಟ್ಟ ಮಾತಿಗೆ ಎಲ್ಲಿ ತಪ್ಪಿದೀನಿ ಹೇಳಿ?"

ಮೊದಲು ನಕ್ಕವರು ಸಭಾಧ್ಯಕ್ಷರು. ಆಮೇಲೆ ಆಡಳಿತ ಪಕ್ಷ, ವಿರೋಧ ಪಕ್ಷ, ಗೇಟಿನ ಆಚೆ ನೆರೆದಿದ್ದ ಅರ್ಧ ಗಡ್ಡದವನು ಮತ್ತು ಊರು. ಆ ನಗು ಇಳಿಯುವ ತನಕ ಕಾದು, ಮಗಳ ಕೂದಲನ್ನು ಮೂರು ಪಾಲು ಮಾಡಿಕೊಂಡು, ಅತ್ತಿಗೆ ಕೂತಲ್ಲಿಂದಲೇ ಭಾಷಣ ಮುಂದುವರಿಸಿದಳು. "ಮಾನ್ಯ ಸಭಾಧ್ಯಕ್ಷರೇ, ನಾನು ಸಂಪ್ರದಾಯಸ್ಥೆ. ಇವತ್ತೂ ಹೌದು, ನಾಳೆಯೂ ಹೌದು. ಹೊಸ್ತಿಲು ತಂಪು ಮಾಡೋದು ನಮ್ಮ ಅಜ್ಜಿಯರ ಅಜ್ಜಿಯರಿಂದ ಬಂದ ಪದ್ಧತಿ. ಗೂಟ ಮೊನ್ನೆ ಮೊನ್ನೆಯದು, ನಾನು ತಂದದ್ದು. ಮನೆ ಒಂದೇ ಕಡೆ ನಿಂತಿರೋದು ಕಟ್ಟಡದ ಗುಣ. ಮನೆಯವರು ಒಟ್ಟಿಗಿರೋದು ಮನೆತನದ ಗುಣ. ಇಷ್ಟು ದಿನ ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಆ ತವರುಮನೆ ಕೇಸಿನ ಹುಡುಗಿ ಸಂಸಾರ ಕೆಟ್ಟದ್ದು ಮನೆ ಬಂದದ್ದರಿಂದ ಅಲ್ಲ, ನನಗೆ ನೆನಪಾಯ್ತು ಅಂತ ಅವಳನ್ನ ಹೇಳೋಕೆ ಬಿಡದೆ ಇದ್ದದ್ದರಿಂದ. ನನಗೆ ಸದನವೂ ಬೇಕು, ಮನೆಯೂ ಬೇಕು. ಅಲ್ಲಾಡಬೇಡ ಇಳಾ. ಮಸೂದೆಯನ್ನು ಹಿಂತೆಗೆದುಕೊಂಡಿದ್ದೇನೆ."

ಮಾರ್ತಾಂಡಪ್ಪನವರು ಮೀಸೆ ತೀಡಿದರು. "ಹಂಗಾದ್ರೆ ಆ ಕಾರು..." ಎಂದು ರಾಗ ಎಳೆದರು.

"ಕಾರು ಯಾಕೆ ಸರ್? ನನಗೆ ಮನೆಯೇ ಬರುತ್ತೆ."

ಅವರು ಬಾಯಿ ತೆರೆಯುವಷ್ಟರಲ್ಲಿ ದಿಬ್ಬದ ಕೆಳಗೆ ಗದ್ದಲ ಎದ್ದಿತು. ನೋಡಿದರೆ ಒಂದು ಹಳದಿ ಮಹಡಿ ಮನೆ ಏದುಸಿರು ಬಿಡುತ್ತ ಬರುತ್ತಿದೆ. ಹಿಂದೆ ಒಂದು ಹೆಂಚಿನದು, ಅದರ ಹಿಂದೆ ಬೇಲಿಯ ಸಮೇತ ಇನ್ನೊಂದು. ಅತ್ತಿಗೆ ಜಡೆ ಹಾಕುವುದನ್ನು ನೋಡುತ್ತ ನಿಂತ ಶಾಸಕರಿಗೆಲ್ಲ ತಂತಮ್ಮದು ನೆನಪಾಗಿ, ಇಷ್ಟು ವರ್ಷ ಬಿಗಿಹಿಡಿದದ್ದು ಕೈತಪ್ಪಿಹೋಗಿತ್ತು. "ಅಯ್ಯೋ ನಮ್ಮದು!" "ಏ ಪಕ್ಕಕ್ಕೆ ಸರೀರಿ, ನಮ್ಮನೆ ಜಾಗ ಸಾಲಲ್ಲ!" ಸಾಕ್ಷಾತ್ ಮುಖ್ಯಮಂತ್ರಿಗಳ ಮನೆ ಎಲ್ಲಕ್ಕಿಂತ ಹಿಂದೆ, ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದ ಎಮ್ಮೆಯ ಜೊತೆಗೆ ಬಂತು. ಅವರು ಎಮ್ಮೆಯನ್ನು ಹೆಸರು ಹಿಡಿದು ಕರೆದರು. ಒಂದು ಹೂಜಿಯನ್ನು ಹತ್ತು ಜನ ಎಳೆದಾಡಿದರು. ಹೊನ್ನಪ್ಪ ಮೇಷ್ಟ್ರು ಮಾತ್ರ ಬಕೆಟ್ಟು ಹಿಡಿದು ದಿಬ್ಬದ ಅರ್ಧಕ್ಕೆ ಇಳಿದು, ಹಿಂದೊಮ್ಮೆ ತಮ್ಮ ಮನೆ ಬಂದು ನಿಂತಿದ್ದ ಜಾಗದಲ್ಲೇ ಕಾದು ನಿಂತರು. ಅದು ಬಂದಾಗ ಅವರು ಯಾರನ್ನೂ ರೇಗಿಸುವ ಸ್ಥಿತಿಯಲ್ಲಿರಲಿಲ್ಲ.

ಮಂತ್ರಿ ಪದವಿ ಬೇರೆಯವರಿಗೆ ಹೋಯಿತು. ಅತ್ತಿಗೆಗೆ ಅದು ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಹಿತ್ತಾಳೆ ಫಲಕವನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಅಧಿವೇಶನ ಮುಗಿಯುವ ತನಕ ನಮ್ಮ ಮನೆ ಸದನದ ಬಾಗಿಲಿಗೆ ಅಡ್ಡವೇ ಇತ್ತು. ಶಾಸಕರು ನಮ್ಮ ಹಿತ್ತಿಲ ಬಾಗಿಲಿಂದ ಒಳಗೆ ಬಂದು, ಅಡುಗೆಮನೆಯಲ್ಲಿ ಅಣ್ಣನ ಕೈಯ ಕಾಫಿ ಕುಡಿದು, ಚಪ್ಪಲಿ ಬಿಟ್ಟು ಹಜಾರ ದಾಟಿ ಸದನಕ್ಕೆ ಹೋಗಬೇಕಿತ್ತು. ಚಪ್ಪಲಿ ಬಿಡದವರಿಗೆ ಅತ್ತಿಗೆಯಿಂದ ಸರಿಯಾಗಿ ಆಗುತ್ತಿತ್ತು.

ಕೊನೆಯ ದಿನ ವಾಪಸ್ಸು ಹೊರಡುವ ಪ್ರಶ್ನೆ ಬಂತು. ಮನೆ ಇಳಿದು ಹೋಗಬೇಕಾದರೆ ಯಾರಾದರೂ ಕೆಳಗೆ ನಮ್ಮ ಹಳೆಯ ಜಾಗಕ್ಕೆ ಹೋಗಿ ನಿಂತು ಅದನ್ನು ನೆನೆಯಬೇಕು. ನಾನು ಹೋಗುತ್ತೇನೆ ಎಂದೆ. "ನೀನು ದಾರಿಯಲ್ಲಿ ಯಾವುದಾದರೂ ಮರ ಕಂಡರೆ ಅದರ ಚಿತ್ರ ಬರೀತಾ ಕೂರ್ತೀಯ" ಎಂದು ಅತ್ತಿಗೆ ತಾನೇ ಹೊರಟಳು. ನಾವೆಲ್ಲ ಒಳಗೆ ಗಟ್ಟಿಯಾಗಿ ಕೂತಿರಬೇಕು, ಅವಳು ಊರು ದಾಟಿ ನಿಧಾನಕ್ಕೆ ಹೋಗಿ, ಗುಂಡಿ ಬಿದ್ದ ಆ ಜಾಗದಲ್ಲಿ ನಿಂತು, ಮನಸ್ಸು ಒಂದು ಕಡೆ ಮಾಡಿ ಕರೆಯುವುದು ಎಂದು ಮಾತಾಯಿತು. ಮಾಜಿ ಗಟ್ಟಿ ಮನಸ್ಸಿನವಳು ಸೆರಗು ಸರಿಮಾಡಿಕೊಂಡು, ಕನ್ನಡಕ ಏರಿಸಿಕೊಂಡು, ಶಾಸಕರಿಗೆಲ್ಲ ಕೈಮುಗಿದು, ಗಂಭೀರವಾಗಿ ಮೆಟ್ಟಿಲಿಳಿದಳು.

ಗೇಟಿನ ತನಕ ಹೋಗಿದ್ದಳೋ ಇಲ್ಲವೋ, ನಮ್ಮ ಕಾಲಡಿಯ ನೆಲ ಅಲುಗಿತು. "ಅಮ್ಮಾ, ಆಗಲೇ ಹೊರಟಿತು!" ಎಂದು ಇಳಾ ಕೂಗಿದಳು. ಅತ್ತಿಗೆ ತಿರುಗಿ ನೋಡಿದಳು. "ಏ, ತಾಳು! ಇನ್ನೂ ಕರೆದೇ ಇಲ್ಲ!" ಎಂದು ಕೈ ಅಡ್ಡ ಹಿಡಿದಳು. ಮನೆ ಕೇಳಲಿಲ್ಲ. ಮೆಟ್ಟಿಲುಗಳನ್ನು ಧಡಧಡ ಇಳಿದು, ಹಟ್ಟಿಗೆ ಹೊತ್ತಾದ ಕರುವಿನ ಹಾಗೆ ಅವಳ ಕಡೆ ನುಗ್ಗಿತು. ಕನ್ನಡಕ ಒಂದು ಕೈಯಲ್ಲಿ, ಸೀರೆಯ ನೆರಿಗೆ ಒಂದು ಕೈಯಲ್ಲಿ, ನಮ್ಮ ಅತ್ತಿಗೆ ಅಂಬುಜಾಕ್ಷಿ ದಿಬ್ಬದ ಇಳಿಜಾರಿನಲ್ಲಿ ಓಡತೊಡಗಿದಳು. ಹೊಸ ಕಾನೂನು ಮಂತ್ರಿಯ ಕಾರು ಅವಳಿಗೆ ದಾರಿ ಬಿಟ್ಟು ಚರಂಡಿಗಿಳಿಯಿತು. ಅವಳು ಅದರ ಕಡೆ ನೋಡಲೂ ಇಲ್ಲ. ಒಮ್ಮೆ ಮಾತ್ರ, ಓಡುತ್ತಲೇ, ಹಿಂದಿರುಗಿ ನಮ್ಮನ್ನು ನೋಡಿದಳು. ಬಾಯಿ ತುಂಬ ನಗು, ಕೆದರಿದ ಕೂದಲು, ಬಿಚ್ಚಿಹೋದ ಜಡೆ. ಜಗುಲಿಯಲ್ಲಿ ನಿಂತ ಇಳಾ ಕೈಯಲ್ಲಿ ರಿಬ್ಬನ್ನು ಹಿಡಿದು, "ನಿಲ್ಲು ಅಮ್ಮಾ, ಮನೆಗೆ ಹೋದಮೇಲೆ ನಿನಗೆ ನಾನು ಹಾಕ್ತೀನಿ!" ಎಂದು ಕೂಗುತ್ತಿದ್ದಳು.